ಪಕ್ಕೀರಮ್ಮನಿಗೆ ಎರಡನೇ ಸಲ ಉಡಿ ತುಂಬದ ಜಂಬಕ್ಕ

ಹೆಗಲು ಮುರಿದ ಮೇಲೆ ಯಾರೂ ಬಾಗಿಲು ತಡೆಯೋದಿಲ್ಲ ಅಂತೀಯಾ? ತಡೆದಳು ಮಾರಾಯ. ನೀನು ಜಂಬಕ್ಕನನ್ನು ನೋಡಿಲ್ಲ. ಕೊಟ್ಟೂರಲ್ಲಿ ಆಕೆ ಕೆಮ್ಮಿದರೆ ಹಂಪಸಾಗರದ ಹೊಳೆಯಲ್ಲಿ ಮೀನು ದಿಕ್ಕು ತಪ್ಪುತ್ತಿದ್ದವು. ಸರಿ, ಮೀನಿನ ಮಾತು ಬಿಡು. ಹೆಗಲಿನ ಮಾತು ಮಾತ್ರ ನಿಜ.

ತೊಂಬತ್ತೆಂಟರ ಸುಮಾರು. ಮಂಡಕ್ಕಿ ಭಟ್ಟಿಯ ಹಿಂದಿನ ಕೋಣೆಯಲ್ಲಿ ಜಂಬಕ್ಕ ಹೆಂಗಸರ ಸಂಘ ನಡೆಸುತ್ತಿದ್ದಳು. ಗಂಡನ ಹೊಡೆತ ತಾಳದೆ ಓಡಿಬಂದವರಿಗೆ ಅಲ್ಲಿ ಎರಡು ಚಾಪೆ, ಒಂದು ಚಿಲಕ. ಚಿಲಕ ಹಾಕಿದರೆ ಆನೆಯೂ ಒಳಗೆ ಬಾರದು ಎನ್ನುತ್ತಿದ್ದಳು. ಆನೆ ಯಾವತ್ತೂ ಬರಲಿಲ್ಲ; ಗಂಡಂದಿರು ಬರುತ್ತಿದ್ದರು.

ಪಕ್ಕೀರಮ್ಮ ಮೊದಲ ಸಲ ಬಂದಾಗ ಎಡಗೈ ಮುರಿದಿತ್ತು. ಗಂಡ ಮಾರಣ್ಣ ಒನಕೆಯಿಂದ ಹೊಡೆದಿದ್ದ. ಆಗ ಜಂಬಕ್ಕ ಹಿರಿಯರ ಪದ್ಧತಿಯನ್ನೇ ಹಿಡಿದಳು: ಗಂಡನ ಅಂಗೈಯಲ್ಲಿ ವಿಭೂತಿ ಇಟ್ಟು ಇನ್ನು ಹೊಡೆಯೋದಿಲ್ಲವೆಂದು ಆಣೆ ಮಾಡಿಸುವುದು, ಹೆಂಡತಿಗೆ ಉಡಿ ತುಂಬಿ ಮನೆಗೆ ಕಳಿಸುವುದು. ದೇವರಿಗೆ ಅಂಜದವನು ಯಾರಿದ್ದಾನೆ ಎಂದುಕೊಂಡು ತನ್ನ ಕೈಯಾರೆ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಕಳಿಸಿದಳು.

ಒಂಬತ್ತನೇ ದಿನ ಪಕ್ಕೀರಮ್ಮ ಗೋಡೆ ಹಿಡಿದು ಕಾಲೆಳೆಯುತ್ತ ಬಂದಳು. ಬೆನ್ನ ಮೇಲೆ ಕಾಸಿದ ಕುಡುಗೋಲಿನ ಬರೆ, ಏಳು. ಕುಪ್ಪಸ ಚರ್ಮಕ್ಕೆ ಅಂಟಿತ್ತು. ಅದನ್ನು ಬಿಡಿಸುವಾಗ ಅವಳು ಅಳಲಿಲ್ಲ, ಜಂಬಕ್ಕ ಅತ್ತಳು. ಉಡಿ ತುಂಬಿ ಕಳಿಸಿದ್ದು ತಾನೇ ಅಲ್ಲವೇ?

ಮಧ್ಯಾಹ್ನ ಮಾರಣ್ಣ ಕೊಡಲಿ ಹಿಡಿದು ಬಂದ. ಹಿಂದೆಯೇ ಓಣಿಯ ಹಿರಿಯ ಬೆನಕಪ್ಪ, ಕೈಯಲ್ಲಿ ಮತ್ತೆ ವಿಭೂತಿ ಗಟ್ಟಿ.

"ಇನ್ನೊಂದ್ ಸಲ ಆಣಿ ಮಾಡ್ತಾನವ್ವ. ಉಡಿ ತುಂಬಿ ಕಳಿಸಿಬಿಡು," ಎಂದ ಬೆನಕಪ್ಪ.

"ಆಣಿ ಆಕಿ ಬೆನ್ನಮ್ಯಾಲ ಐತಿ. ಬೇಕಂದ್ರ ಎಣಸ್ರಿ, ಯಜಮಾನ್ರ," ಎಂದು ಜಂಬಕ್ಕ ಹೊಸ್ತಿಲಿಗೆ ಅಡ್ಡ ನಿಂತಳು.

ಮಾರಣ್ಣ ಕೊಡಲಿಯ ಕಾವು ಬೀಸಿದ. ಹೆಗಲ ಎಲುಬು ಒಣ ತೊಗರಿ ಕಟ್ಟಿಗೆಯಂತೆ ಲಟ್ಟೆಂದಿತು. ಎರಡನೇ ಏಟಿಗೆ ಹಲ್ಲು ಹೋದವು. ಊರವರು ಹನ್ನೆರಡು ಎನ್ನುತ್ತಾರೆ, ಎರಡೇ. ಅವಳು ಚೌಕಟ್ಟು ಬಿಡಲಿಲ್ಲ. ಭಟ್ಟಿಯ ಹೆಂಗಸರು ಮಂಡಕ್ಕಿ ಹುರಿಯುವ ಮರಳನ್ನು ಸುಡುಸುಡುತ್ತಿದ್ದಂತೆಯೇ ಸಲಿಕೆಯಲ್ಲಿ ತುಂಬಿಕೊಂಡು ಓಡಿಬಂದರು. ಮೊದಲ ಸಲಿಕೆ ಅವನ ಪಾದದ ಮೇಲೆ ಬಿತ್ತು. ಕೊಡಲಿ ಒಂದು ಕಡೆ, ಅವನೊಂದು ಕಡೆ. ಭಟ್ಟಿಯ ಹಂಪಕ್ಕ ಎರಡನೆಯದನ್ನು ಅವನ ಮುಖಕ್ಕೇ ಎತ್ತಿದಳು.

ಜಂಬಕ್ಕನಿಗೂ ಅದೇ ಬೇಕಾಗಿತ್ತು. ಆ ಮುಖ ಬೇಯುವುದನ್ನು ಕಣ್ಣಾರೆ ನೋಡಬೇಕೆನಿಸಿತ್ತು. ಆದರೂ ಬಾಯಿಯ ರಕ್ತ ಉಗುಳಿ, ನೆಟ್ಟಗಿದ್ದ ಕೈಯಿಂದ ಸಲಿಕೆಯನ್ನು ಆಚೆ ತಳ್ಳಿದಳು.

"ಬ್ಯಾಡ. ಕೋರ್ಟಿನಾಗ ಆಕಿ ಇವನ್ನ ಗುರ್ತು ಹಿಡೀಬೇಕು."

ಬೆನಕಪ್ಪ ಇನ್ನೂ ಸುಮ್ಮನಾಗದೆ ಒಳಗೆ ಇಣುಕಿ, ನೀನಾದರೂ ಮನೆಗೆ ನಡೆಯವ್ವ ಎಂದು ಪಕ್ಕೀರಮ್ಮನನ್ನು ಕರೆದ. ಅವಳು ಚಾಪೆಯಿಂದ ಎದ್ದು ಹೊರಗೆ ಬಂದಳು.

"ಠಾಣೆಗೆ ಬರ್ತೀನ್ರಿ. ನೀವೂ ಬರ್ರಿ, ಸಾಕ್ಷಿ ಹೇಳಾಕ."

ಎರಡು ವರ್ಷಕ್ಕೆ ಕೂಡ್ಲಿಗಿಯ ಕೋರ್ಟಿನಲ್ಲಿ ಪಕ್ಕೀರಮ್ಮ ಬೆರಳು ತೋರಿಸಿದಳು, ಮಾರಣ್ಣ ಜೈಲಿಗೆ ಹೋದ. ಜಂಬಕ್ಕ ಮತ್ತೆ ಯಾರಿಗೂ ಉಡಿ ತುಂಬಿ ಕಳಿಸಲಿಲ್ಲ. ಬೆನಕಪ್ಪ ಸಾಕ್ಷಿ ಹೇಳಿದನೇ ಅಂತೀಯಾ? ಹೇಳಿದ, ಅದೂ ಹೇಗೆ, ವಕೀಲರ ಮೇಜಿನ ಮೇಲೆ ಹತ್ತಿ ನಿಂತು...

"ರೊಟ್ಟಿ ಆರಾಕತ್ಯಾವ, ಉಣ್ಣಾಕ ಬರ್ರಿ."

ಅಗೋ, ಅಡಿಗೆಮನೆಯಿಂದ ಕರೆ ಬಂತು. ಬಂದೆನವ್ವ, ಬಂದೆ.