ಬೂದಿಯ ಮೇಲೆ ಕೂತು ಚಹಾ ಕುಡಿಯುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಸುಟ್ಟು ಕರಕಲಾದ ಕಾಡಿನಂಚಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ ಕುಳಿತಿದ್ದಾರೆ. ತಲೆಗೆ ಹೆಲ್ಮೆಟ್, ಮೈಗೆ ಒಂದು ಕಾಲಕ್ಕೆ ಹಳದಿಯಾಗಿದ್ದ ಅಂಗಿ. ಬಲಗೈಯ ಕೈಗವಸು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯ ಹಿಂಬದಿಯಿಂದ ಬೂದಿಯನ್ನು ಮೆಲ್ಲಗೆ ಸವರುತ್ತಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಮೊಳದಷ್ಟು ಮುಂದೆ ಸರಿದು ಮತ್ತೆ ಸವರುತ್ತಾರೆ. ಹೀಗೆಯೇ ಸುಟ್ಟ ನೆಲವನ್ನೆಲ್ಲ ಮುಟ್ಟಿ ಮುಗಿಸಬೇಕು.

ಅಂಗೈಯಿಂದ ಯಾಕೆ ಮುಟ್ಟುವುದಿಲ್ಲ ಎಂದು ಕೇಳುತ್ತೇನೆ.

"ಅಂಗೈ ದಡ್ಡುಗಟ್ಟಿದೆ, ಅದು ಸುಳ್ಳು ಹೇಳುತ್ತೆ. ಹತ್ತೊಂಬತ್ತು ವರ್ಷ ಪೈಪು ಹಿಡಿದ ಕೈ ಅಲ್ವಾ! ಇನ್ನೊಂದು, ಹಿಂಬದಿ ಸುಟ್ಟರೂ ಗುದ್ದಲಿ ಹಿಡೀಬಹುದು. ಅಂಗೈ ಸುಟ್ಟರೆ ರಜೆ ಹಾಕಿ ಮನೇಲಿ ಕೂರಬೇಕು. ಮನೇಲಿ ಕೂತರೆ ನಮ್ಮ ಯಜಮಾನರು ಗುಂಡಿ ಹೊಲಿಯೋಕೆ ಹಚ್ಚುತ್ತಾರೆ" ಎಂದು ನಗುತ್ತಾರೆ. ಯಜಮಾನರು ದರ್ಜಿ.

ಕಾಡ್ಗಿಚ್ಚು ಆರಿಸುವ ನೀರಿನ ಲಾರಿಯೊಂದರ ತಂಡಕ್ಕೆ ಈಕೆ ಮುಖ್ಯಸ್ಥೆ. ಕೈಕೆಳಗೆ ನಾಲ್ಕು ಜನ. ಇಲಾಖೆಯ ಕಡತದಲ್ಲಿ ಇವರಿಗೊಂದು ಒಳ್ಳೆಯ ಹೆಸರಿದೆ. ಅದನ್ನು ಕರೆದರೆ ಯಾರೂ ತಿರುಗಿ ನೋಡುವುದಿಲ್ಲ, ಸ್ವತಃ ಅವರೂ ಕೂಡ. ಎಲ್ಲರ ಬಾಯಲ್ಲಿ ಇವರು 'ಬೂದಿಯಕ್ಕ'.

ಮೊನ್ನೆ ಹತ್ತಿದ್ದ ಬೆಂಕಿಯನ್ನು ಮೊನ್ನೆ ಸಂಜೆಯೇ ತಡೆದು ನಿಲ್ಲಿಸಿದ್ದಾರೆ. ನಮ್ಮಂಥ ಪತ್ರಿಕೆಯವರಿಗೆ ಸುದ್ದಿ ಅಲ್ಲಿಗೆ ಮುಗಿಯಿತು. ಅಕ್ಕನಿಗೆ ಕೆಲಸ ಶುರುವಾಗುವುದೇ ಅಲ್ಲಿಂದ. "ನಿಂತ ಬೆಂಕಿ ಬೇರೆ, ಸತ್ತ ಬೆಂಕಿ ಬೇರೆ. ನಿಂತದ್ದು ಬೇರೊಳಗೆ ಮಲಗಿರುತ್ತೆ. ಗಾಳಿ ಬಂದು ಎಬ್ಬಿಸೋದನ್ನೇ ಕಾಯ್ತಿರುತ್ತೆ" ಎನ್ನುತ್ತಾರೆ. ಇವತ್ತು ಹನ್ನೊಂದರ ಮೇಲೆ ಗಾಳಿ ಜೋರಾಗುತ್ತದೆಂಬ ಮುನ್ಸೂಚನೆ ಇದೆ. ಕಪ್ಪು ನೆಲ ಮುಗಿದಲ್ಲಿಂದ ಮೇಲಕ್ಕೆ ಒಂದು ಇಳಿಜಾರು. ಅದರ ತುಂಬ ಸೊಂಟದೆತ್ತರ, ಎದೆಯೆತ್ತರದ ಎಳೆಯ ಗಿಡಗಳು. ಆ ಗಿಡಗಳ ಕಡೆಗೆ ಅಕ್ಕ ಆಗಾಗ ತಿರುಗಿ ನೋಡುತ್ತಾರೆ.

ತಂಡದ ಲಾರಿಗೆ 'ಅಜ್ಜಿ' ಎಂದು ಹೆಸರು. ಬೆಳಿಗ್ಗೆ ಎಬ್ಬಿಸಿದರೆ ಮೂರು ಸಲ ಕೆಮ್ಮದೆ ಏಳುವುದಿಲ್ಲ. ಹೊಟ್ಟೆಯೊಳಗೆ ಎರಡು ಸಾವಿರ ಲೀಟರ್ ನೀರು. ಪೂರ್ತಿ ಬಿಟ್ಟರೆ ಹದಿಮೂರು ನಿಮಿಷಕ್ಕೆ ಖಾಲಿ, ಆಮೇಲೆ ತುಂಬಿಸಲು ಕೆರೆಗೆ ನಲವತ್ತು ನಿಮಿಷದ ದಾರಿ. ಆದ್ದರಿಂದ ಇವರು ನೀರನ್ನು ಎಣ್ಣೆಯಂತೆ ಹಿಡಿದು ಬಳಸುತ್ತಾರೆ. ಲಾರಿ ಹೋಗಲಾರದ ಕಡೆ ಪೈಪು ಹೊತ್ತು ನಡೆಯಬೇಕು; ಬೆನ್ನ ಮೇಲಿನ ಭಾರ ಒಬ್ಬೊಬ್ಬರಿಗೂ ಹದಿನೆಂಟು ಕೆ.ಜಿ. ಕಳೆದ ಬೇಸಿಗೆಯ ನಾಲ್ಕು ತಿಂಗಳಲ್ಲಿ ನಲವತ್ತೊಂದು ಬೆಂಕಿಗೆ ಓಡಿದ್ದಾರೆ.

ಅಜ್ಜಿಯ ಬಾಗಿಲಿನ ಒಳಮೈ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಏಳು ಸಾಲುಗಳಿವೆ. 'ಕೀಲಿ ಲಾರಿಯಲ್ಲೇ ಇರಲಿ.' 'ಕೆರೆಗೆ ಹೋಗುವ ಮುಂಚೆ ಕೆರೆಯಲ್ಲಿ ನೀರಿದೆಯೇ ಕೇಳು.' ಓದಿ ನಕ್ಕುಬಿಟ್ಟೆ. "ನಗಬೇಡಿ ಸಾರ್, ಒಂದೊಂದೂ ನಾವು ಮಾಡಿದ ತಪ್ಪು" ಎಂದರು ಡ್ರೈವರಣ್ಣ. "ತಪ್ಪು ಮಾಡಿದೋರೇ ಕೈಯಾರೆ ಬರೀಬೇಕು, ಅದು ಅಕ್ಕನ ಕಾನೂನು. ಕೆರೇದು ನಂದು." ಏಳನೆಯ ಸಾಲು ಅಕ್ಕನ ಕೈಬರಹ: 'ಕೂತು ನೋಡದೆ ಹೊರಡಬೇಡ.'

ಆ ಸಾಲಿನ ಕಥೆಗೆ ಮುಂಚೆ ಅಕ್ಕನ ಕಥೆ. ತಂದೆ ಪಂಪು ರಿಪೇರಿ ಮಾಡುತ್ತಿದ್ದರು. ಒಂದೇ ಕೋಣೆಯ ಮನೆ. ಅರ್ಧ ಭಾಗದಲ್ಲಿ ಸಂಸಾರ, ಉಳಿದರ್ಧದಲ್ಲಿ ಬಿಚ್ಚಿಟ್ಟ ಮೋಟಾರುಗಳು. ಮೋಟಾರಿನ ಸದ್ದು ಕೇಳಿಯೇ ಕಾಯಿಲೆ ಹೇಳುವುದನ್ನು ಮಗಳು ಎಂಟನೇ ವಯಸ್ಸಿಗೇ ಕಲಿತರು. ಆದರೆ ಕಾಡಿನ ಠಾಣೆಯಲ್ಲಿ ಸಿಕ್ಕಿದ್ದು ಅಡುಗೆ ಕೆಲಸ. ಮೂರು ವರ್ಷ ಪಾತ್ರೆ ತಿಕ್ಕಿದರು. ಒಂದು ದಿನ ಬೆಂಕಿಯ ಎದುರು ಪಂಪು ಕೈಕೊಟ್ಟಿತು, ಆಗಿನ ಪಂಪಿನವನಿಗೆ ದಿಕ್ಕು ತೋಚಲಿಲ್ಲ. ಊಟ ತಂದಿದ್ದ ಅಡುಗೆಯಾಕೆ ಬುಟ್ಟಿ ಕೆಳಗಿಟ್ಟು, "ಗಾಳಿ ಎಳೀತಾ ಇದೆ, ಕೇಳಿಸಲ್ವಾ?" ಎಂದು ಸಡಿಲವಾಗಿದ್ದ ಒಂದು ಜೋಡಣೆಯನ್ನು ಬಿಗಿ ಮಾಡಿದರು. ನೀರು ಚಿಮ್ಮಿತು. ಮಾರನೆಯ ದಿನವೇ ತರಬೇತಿಗೆ ಅರ್ಜಿ ಹಾಕಿದರು.

"ಆಗಿನ ಸಾಹೇಬರು, 'ನೀನು ಪಂಪು ಹಿಡಿದರೆ ಅಡುಗೆ ಮಾಡೋರ್ಯಾರು?' ಅಂದ್ರು. ನಾನು, 'ಸಾರ್, ಕಾಡು ಸುಟ್ಟರೆ ತಿನ್ನೋರ್ಯಾರು?' ಅಂದೆ. ಅವರಿಗೂ ನಗು ಬಂತು. ಆದರೂ ಅರ್ಜಿ ಮೂರು ಸಲ ವಾಪಸ್ ಬಂತು. ನಾಲ್ಕನೇ ಸಲ, ಇವಳ ಕಾಟ ತಪ್ಪಲಿ ಅಂತ ಸಹಿ ಹಾಕಿದ್ರು ಅನ್ಸುತ್ತೆ."

ಇನ್ನು ಏಳನೆಯ ಸಾಲು. ಆರು ವರ್ಷದ ಹಿಂದೆ ಇದೇ ಇಳಿಜಾರಿನ ಬುಡದಲ್ಲಿ ಒಂದು ಸಣ್ಣ ಬೆಂಕಿ. ಆರಿಸಿದ್ದಾಯಿತು, ಲಾರಿ ಬೇಗ ಠಾಣೆಗೆ ಬರಲಿ ಎಂದು ಕಂಟ್ರೋಲ್ ರೂಮಿನಿಂದ ಕರೆಯೂ ಬಂತು. ಅರ್ಧ ಗಂಟೆಯ ಕೆಲಸ ಬಾಕಿಯಿತ್ತು, ಅಕ್ಕ ಹೊರಟುಬಿಟ್ಟರು. ಎರಡನೇ ದಿನ ಒಂದು ಮೋಟುಮರದ ಬೇರಿನಿಂದ ಬೆಂಕಿ ಎದ್ದು ನಲವತ್ತು ಎಕರೆ ಇಳಿಜಾರನ್ನು ನುಂಗಿತು. ಕೆಳಗಿನ ಕಾಲೊನಿಯ ಒರತೆ ಆ ವರ್ಷ ಬತ್ತಿತು. ಯಾರೂ ಅಕ್ಕನನ್ನು ಬೈಯಲಿಲ್ಲ. "ಬೈದಿದ್ರೆ ಚೆನ್ನಾಗಿರ್ತಿತ್ತು" ಎನ್ನುವಾಗ ಮಾತ್ರ ಅವರ ನಗು ಒಂದು ಗಳಿಗೆ ಮಾಯವಾಗುತ್ತದೆ.

ಅವತ್ತಿನಿಂದ ಎರಡು ಪದ್ಧತಿಗಳು ಶುರುವಾದವು. ಒಂದು, ವಾರದ ರಜೆಯ ದಿನ ಇಳಿಜಾರಿನಲ್ಲಿ ಗಿಡ ನೆಡುವುದು. ಮೂರು ಮಳೆಗಾಲದಲ್ಲಿ ಮೂರು ಸಾವಿರದ ನೂರು ನೆಟ್ಟಿದ್ದಾರೆ. ಬದುಕಿರುವುದು ಎರಡು ಸಾವಿರದ ಇನ್ನೂರ ನಲವತ್ತೊಂದು. "ನಲವತ್ತು" ಎಂದು ತಿದ್ದುತ್ತಾನೆ ಪಂಪಿನವನು. ಅವನಿಗೆ 'ಮೌನಿ' ಎಂಬ ಅಡ್ಡಹೆಸರು, ಯಾಕೆಂದರೆ ಅವನ ಬಾಯಿ ನಿಂತದ್ದನ್ನು ಯಾರೂ ಕಂಡಿಲ್ಲ. "ಒಂದು ಒಣಗಿ ಎರಡು ವರ್ಷ ಆಯ್ತು. ಅಕ್ಕ ಒಪ್ಪಲ್ಲ." ಅಕ್ಕ ಒಪ್ಪುವುದೇ ಇಲ್ಲ: "ಒಣಗಿಲ್ಲ ಕಣೋ, ಯೋಚನೆ ಮಾಡ್ತಿದೆ."

ಎರಡನೆಯ ಪದ್ಧತಿ ಚಹಾ. ಬೂದಿಯನ್ನೆಲ್ಲ ಮುಟ್ಟಿ ಮುಗಿಸಿದ ಮೇಲೆ ತಂಡದವರೆಲ್ಲ ಸುಟ್ಟ ನೆಲದ ಮೇಲೇ ಅಲ್ಲಲ್ಲಿ ಕೂತು ಒಂದು ಲೋಟ ಚಹಾ ಕುಡಿಯಬೇಕು, ನಿಧಾನವಾಗಿ. ಕೊನೆಯ ಗುಟುಕಿನ ತನಕ ಬಿಸಿ ತಟ್ಟಿ ಯಾರೂ ಏಳದಿದ್ದರೆ ಬೆಂಕಿ ಸತ್ತಿದೆ ಎಂದರ್ಥ. ಹೀಗೆ ಕೂತು ಕೂತು ಪ್ಯಾಂಟುಗಳು ಸವೆಯುತ್ತವೆಂದು ಅಕ್ಕನ ಯಜಮಾನರು ಹಿಂಬದಿಗೆ ಎರಡು ಪದರ ದಪ್ಪ ಬಟ್ಟೆ ಹೊಲಿದುಕೊಟ್ಟಿದ್ದಾರೆ, ಇಡೀ ತಂಡಕ್ಕೆ, ಪುಕ್ಕಟೆಯಾಗಿ.

ಏಳೂವರೆಗೆ ಮುಟ್ಟುವ ಕೆಲಸ ಮುಗಿಯುತ್ತದೆ. ವೈರ್‌ಲೆಸ್ಸು ಕರಕರ ಎನ್ನುತ್ತದೆ. "ಮೂರನೇ ಗಾಡಿ, ಎಂಟಕ್ಕೆ ಹೊರಡ್ತೀರಾ?" ಅದೇ ಕಂಟ್ರೋಲ್ ರೂಮು, ಅದೇ ಪ್ರಶ್ನೆ. "ಚಹಾ ಆಗಲಿ ಸಾರ್" ಎನ್ನುತ್ತಾರೆ ಅಕ್ಕ. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳುತ್ತದೆ.

ಮೌನಿ ಎರಡು ದಿನದಿಂದ ರಾಶಿ ಬಿದ್ದಿದ್ದ ಒದ್ದೆ ಪೈಪುಗಳನ್ನು ಸುತ್ತಿ ಅಜ್ಜಿಯ ಮೇಲೇರಿಸುತ್ತಾನೆ. ಅವು ಇದ್ದ ಜಾಗ ಸಪಾಟಾಗಿದೆ, ಬೂದಿಯೂ ಇಲ್ಲ. "ನೀವು ಅತಿಥಿಗಳು, ಇಲ್ಲಿ ಕೂತ್ಕೊಳ್ಳಿ, ಬಟ್ಟೆ ಹಾಳಾಗಲ್ಲ" ಎಂದು ತಂಡದವರು ನನಗೆ ಅದನ್ನೇ ಬಿಟ್ಟುಕೊಡುತ್ತಾರೆ. ಎಲ್ಲರೂ ಕೂರುತ್ತಾರೆ. ಚಹಾ ಚೆನ್ನಾಗಿದೆ, ಹಕ್ಕಿಗಳು ಶುರುಮಾಡಿಕೊಂಡಿವೆ, ಮೌನಿ ತನ್ನ ಭಾವಮೈದುನನ ಕೋಳಿಗಳ ಬಗ್ಗೆ ಹೇಳುತ್ತಿದ್ದಾನೆ. ನನಗೋ ಪರಮಸುಖ. ಅರ್ಧ ಲೋಟ ಮುಗಿಸಿ ನಾನು ಸುಮ್ಮನಿರಲಾರದೆ, "ಇಷ್ಟು ಚಳೀಲಿ ಈ ಜಾಗ ಬೆಚ್ಚಗೆ ಹಾಯಾಗಿದೆ ಕಣ್ರೀ" ಎಂದೆ.

ಐದು ಲೋಟಗಳು ತುಟಿಯ ಹತ್ತಿರವೇ ನಿಂತವು. ಮೌನಿ ಕೂಡ ಬಾಯಿ ಮುಚ್ಚಿದ.

"ಏಳಿ!" ಎಂದರು ಅಕ್ಕ. ನಾನು ಏಳುವ ಮೊದಲೇ ಡ್ರೈವರಣ್ಣ ರಟ್ಟೆ ಹಿಡಿದು ಎತ್ತಿಬಿಟ್ಟಿದ್ದರು. ಅಕ್ಕ ಮಂಡಿಯೂರಿ ಕೈಹಿಂಬದಿ ಇಟ್ಟರು, ತಕ್ಷಣ ತೆಗೆದರು. ಗುದ್ದಲಿಗಳು ಬಿದ್ದವು. ಒಂದೂವರೆ ಅಡಿ ಕೆಳಗೆ ತೋಳಿನಷ್ಟು ದಪ್ಪದ ಬೇರೊಂದು ಕೆಂಪಗೆ ಉಸಿರಾಡುತ್ತಿತ್ತು. ಅದರ ತುದಿ ಹೊರಟಿದ್ದು ಮೇಲಕ್ಕೆ, ಗಿಡಗಳ ಕಡೆಗೆ. ಅಕ್ಕ ಎದ್ದು ಹೆಜ್ಜೆ ಹಾಕಿ ಅಳೆದರು. ಮೊದಲ ಗಿಡಕ್ಕೆ ಹನ್ನೊಂದು ಹೆಜ್ಜೆ. ಗಾಳಿಗೆ ಮೂರು ಗಂಟೆ ಬಾಕಿ.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಕೂಗಾಟವಿಲ್ಲ, ಓಡಾಟವಿಲ್ಲ. ಇಬ್ಬರು ಬೇರಿನ ಜಾಡು ಹಿಡಿದು ಅಗೆಯುತ್ತಾರೆ, ಮೌನಿ ಸಣ್ಣಗೆ ನೀರು ಬಿಡುತ್ತಾನೆ, ಡ್ರೈವರಣ್ಣ ಮಣ್ಣನ್ನು ಕೆಸರು ಮಾಡಿ ಕಲಸುತ್ತಾರೆ, ಅಕ್ಕ ಕಡಿದ ಒಂದೊಂದು ತುಂಡನ್ನೂ ಮುಟ್ಟಿ ನೋಡುತ್ತಾರೆ. ಹತ್ತೂಕಾಲಿಗೆ ಬೇರಿನ ಕೊನೆ ಸಿಕ್ಕಿತು. ಖರ್ಚಾದದ್ದು ಬರೀ ಮುನ್ನೂರು ಲೀಟರ್. ಹನ್ನೊಂದಕ್ಕೆ ಗಾಳಿ ಹೇಳಿದ ಹೊತ್ತಿಗೇ ಬಂತು. ಇಳಿಜಾರಿನ ಗಿಡಗಳೆಲ್ಲ ಒಟ್ಟಿಗೆ ತಲೆದೂಗಿದವು, ಹೊಗೆಯ ಒಂದು ಎಳೆಯೂ ಏಳಲಿಲ್ಲ. ಡ್ರೈವರಣ್ಣ ಶಿಳ್ಳೆ ಹೊಡೆದರು. ನನಗೂ ಹೊಡೆಯಬೇಕೆನಿಸಿತು, ಬರುವುದಿಲ್ಲ.

ವೈರ್‌ಲೆಸ್ಸಿನಲ್ಲಿ ಅಕ್ಕ: "ಸಾರ್, ಮೂರನೇ ಗಾಡಿ ಸಂಜೆ ತನಕ ಇಲ್ಲೇ. ಬೆಂಕಿ ಸಿಕ್ತು. ಪತ್ರಿಕೆಯೋರು ಹುಡುಕಿದ್ರು."

"ಪತ್ರಿಕೆಯವರಾ? ಹೇಗೆ?"

"ಕೂತು."

ಆ ಕಡೆ ಇಡೀ ಕಂಟ್ರೋಲ್ ರೂಮು ನಕ್ಕಿದ್ದು ಇಲ್ಲಿಗೆ ಕೇಳಿಸಿತು. "ದೀಪದ ಬುಡದಲ್ಲೇ ಕತ್ತಲು" ಎಂದರು ಡ್ರೈವರಣ್ಣ. "ಊರೆಲ್ಲ ಮುಟ್ಟಿದ್ವಿ, ನಮ್ಮ ಪೈಪಿನ ಅಡಿ ಮುಟ್ಟಲಿಲ್ಲ. ಅಕ್ಕಾ, ಅಲ್ಲಿ ನಾವೇ ಕೂತಿದ್ರೂ ಗೊತ್ತಾಗ್ತಿರಲಿಲ್ಲ. ನಿಮ್ಮ ಯಜಮಾನರು ಎರಡು ಪದರ ಹೊಲಿದು ಕೆಡಿಸಿಟ್ಟಿದ್ದಾರೆ!" ಅಕ್ಕ ಹಣೆ ಚಚ್ಚಿಕೊಂಡು ನಕ್ಕರು. ಅಲ್ಲೇ ಯಜಮಾನರಿಗೆ ಫೋನು ಹೋಯಿತು: "ರೀ, ಐದೂ ಪ್ಯಾಂಟಿನ ಒಂದು ಪದರ ಬಿಚ್ಚಬೇಕು. ಯಾಕೆ ಅಂತ ಆಮೇಲೆ ಹೇಳ್ತೀನಿ. ನೀವು ಚೆನ್ನಾಗೇ ಹೊಲಿದಿದ್ದೀರಿ, ಅದೇ ತೊಂದರೆ."

ಪೈಪನ್ನು ಅಲ್ಲಿ ರಾಶಿ ಹಾಕಿಸಿದ್ದು ತಾನೇ ಎಂದು ಹೇಳಿ, ಅಕ್ಕ ಬಣ್ಣದ ಡಬ್ಬಿ ತೆಗೆದು ಅಜ್ಜಿಯ ಬಾಗಿಲಿಗೆ ಎಂಟನೆಯ ಸಾಲು ಬರೆದರು: 'ಪೈಪಿನ ಅಡಿಯೂ ನೆಲವೇ.' ಆರು ವರ್ಷದ ಹಿಂದಿನ ಸಾಲಿಗಿಂತ ಈ ಅಕ್ಷರಗಳು ದೊಡ್ಡವು. ಬರೆಯುವಾಗ ಅವರು ಗುನುಗುತ್ತಿದ್ದರು.

ಸಂಜೆ ಹೊರಡುವ ಮುಂಚೆ ಅಕ್ಕ ನನ್ನನ್ನು ಇಳಿಜಾರಿಗೆ ಕರೆದುಕೊಂಡು ಹೋದರು. ಮೌನಿ ಸತ್ತಿದೆ ಎನ್ನುವ ಗಿಡವನ್ನೂ ತೋರಿಸಿದರು. ನನಗೂ ಸತ್ತಂತೆಯೇ ಕಂಡಿತು. ಹೇಳುವ ಧೈರ್ಯ ಬರಲಿಲ್ಲ. ಕೆಳಗಿನ ಒರತೆ ಹೋದ ವರ್ಷದಿಂದ ಮತ್ತೆ ಜಿನುಗುತ್ತಿದೆಯಂತೆ. ನಿವೃತ್ತಿಗೆ ನಾಲ್ಕು ವರ್ಷವಿದೆ, ಅಷ್ಟರಲ್ಲಿ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಹೊಸ ಲಾರಿ ಕೇಳುತ್ತಾರೆ ಎಂದುಕೊಂಡಿದ್ದೆ.

ಅಕ್ಕ ಎಲ್ಲಕ್ಕಿಂತ ಎತ್ತರದ ಗಿಡದ ಪಕ್ಕ ನಿಂತರು. ಅದು ಅವರ ಹೆಗಲಿಗೆ ಬರುತ್ತದೆ. ನೆಲದ ಮೇಲೆ ಬಿದ್ದಿದ್ದ ಅದರ ನೆರಳನ್ನು ಬೂಟಿನ ತುದಿಯಿಂದ ಅಳೆದರು.

"ಈಗ ಇದರಡಿ ಒಂದು ನಾಯಿ ಮಲಗಬಹುದು ಅಷ್ಟೆ. ನಾಲ್ಕು ವರ್ಷಕ್ಕೆ ಐದು ಜನ ಕೂತು ಚಹಾ ಕುಡಿಯೋವಷ್ಟು ನೆರಳಾದರೆ ಸಾಕು ನನಗೆ. ಬೂದಿ ಮೇಲೆ ಕೂತು ಬೇಕಾದಷ್ಟು ಕುಡಿದಿದ್ದಾಯ್ತು."