ಹಗ್ಗದ ಸಮೇತ ಕೊಟ್ಟ ಮೀನು

ನಮ್ಮದು ಮೊಟ್ಟೆಯನ್ನೂ ಬೇಯಿಸದ ಮನೆ. ಅಂಥ ಮನೆಯ ಹಾಲ್‌ನಲ್ಲಿ ನಾನು ಸಮುದ್ರದ ಮೀನು ಸಾಕಿದ್ದೆ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಅದನ್ನು ಯಾರೂ ಸುಲಭಕ್ಕೆ ನಂಬುತ್ತಿರಲಿಲ್ಲ, ನಂಬಿದವರು ಸುಮ್ಮನಿರುತ್ತಿರಲಿಲ್ಲ. "ಸಾಕಕ್ಕೋ, ಸಾರ್‌ಗೋ?" ಎಂದು ನನ್ನ ನಾದಿನಿಯೇ ಕಿಚಾಯಿಸಿದ್ದಳು. ಹೈಸ್ಕೂಲಿನಲ್ಲಿ ದಿನವಿಡೀ ವಿಜ್ಞಾನ ಪಾಠ ಮಾಡಿ ಬರುವ ನನಗೆ ಇಂಥದ್ದಕ್ಕೆಲ್ಲ ಉತ್ತರ ಕೊಡುವ ತಾಳ್ಮೆ ಇಲ್ಲ. ಉದ್ದನೆಯ ಗಾಜಿನ ತೊಟ್ಟಿ, ಪ್ಯಾಕೆಟ್ಟಿನಲ್ಲಿ ತರಿಸಿದ ಸಮುದ್ರದ ಉಪ್ಪು ಬೆರೆಸಿದ ನೀರು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಜೋಡಿ ಮೀನು, ಒಂದು ನೀಲಿ ಮೀನು, ಕಲ್ಲಿಗೆ ಅಂಟಿಕೊಂಡು ಬೆಳಕಿಗೆ ಅರಳುವ ಹವಳ. ಹವಳ ಎಂದರೆ ಉಂಗುರದ ಹವಳವಲ್ಲ, ಜೀವ ಇರುವುದು ಎಂದು ಬಂದವರಿಗೆಲ್ಲ ಹೇಳಿ ಹೇಳಿ ಬಾಯಿ ನೋವು ಬಂದಿತ್ತು.

ಅತ್ತೆ ಹೊನ್ನೂರಿನಲ್ಲಿ ನನ್ನ ಮೈದುನನ ಸಂಸಾರದ ಜೊತೆ ಇದ್ದರು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ಕರೆತಂದೆವು. ನಮ್ಮ ಮಲಗುವ ಕೋಣೆಗಳೆಲ್ಲ ಮಹಡಿ ಮೇಲೆ. ಕೆಳಗೆ ಹಾಲ್, ಅಡುಗೆಮನೆ, ಬಚ್ಚಲು, ಅಷ್ಟೇ. ಹಾಲ್‌ನಲ್ಲಿ ಮಂಚ ಹಾಕಿದರೆ ತೊಟ್ಟಿಯ ಪಕ್ಕ ವಾಕರ್ ಹಿಡಿದು ಬಚ್ಚಲಿಗೆ ಹೋಗುವಷ್ಟು ಜಾಗ ಉಳಿಯಲಿಲ್ಲ. ಮೇಲಾಗಿ ತೊಟ್ಟಿ ಇದ್ದಲ್ಲಿ ನೆಲಕ್ಕೆ ಯಾವಾಗಲೂ ಒಂದಿಷ್ಟು ನೀರು, ಒಂದಿಷ್ಟು ವೈರು. ಇನ್ನೊಂದು ಸಲ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ನಾನೇ ಹೇಳಿದೆ. ಹೇಳಿ, ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ.

ಹೊನ್ನೂರಿನಲ್ಲಿ ಬಾಯಿ ತೆರೆದರೆ ಬೀದಿಯ ಕೊನೆಗೆ ಕೇಳಿಸುತ್ತಿದ್ದ ಹೆಂಗಸು, ನಮ್ಮಲ್ಲಿ ನೆಂಟರ ಹಾಗೆ ಮಲಗಿಬಿಟ್ಟಿದ್ದರು. ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕಾಫಿ ಹೇಗಿದೆ ಎಂದರೆ "ಚೆನ್ನಾಗದೆ ಕಣವ್ವ" ಎನ್ನುವರು. ನನ್ನ ಕಾಫಿ ಚೆನ್ನಾಗಿರುವುದಿಲ್ಲ ಎಂದು ನನಗೇ ಗೊತ್ತು. ನಾವು ಹಿಡಿದು ಎಬ್ಬಿಸಿದರೆ ಏಳುವುದು, ಇಲ್ಲವಾದರೆ ಮಲಗಿದ್ದಲ್ಲಿಂದಲೇ ಮೀನು ನೋಡುವುದು. ಜೋಡಿಯಲ್ಲಿ ದಪ್ಪದ್ದೇ ಹೆಣ್ಣು, ಅದು ಹೇಳಿದಂತೆ ಗಂಡು ಕೇಳಬೇಕು ಎಂದು ನಾನು ವಿವರಿಸಿದ ದಿನ ಮಾತ್ರ ನಕ್ಕರು. "ನಮ್ಮನೇಲೂ ಅಂಗೇ ಇತ್ತು ಬುಡು" ಎಂದರು.

ತೊಟ್ಟಿ ಕೊಡುವ ಸುದ್ದಿ ಕಿವಿಗೆ ಬಿದ್ದಾಗ ನಗು ನಿಂತಿತು.

"ನಾನ್ ಬಂದು ಅವುನ್ನ ಓಡಿಸ್ದಂಗಾಯ್ತಲ್ಲ. ಓದ ಕಡೆ ಅವೇನಾರ ಸತ್ರೆ ನಾನೀ ಮನೇಲಿ ಇರಾಕಿಲ್ಲ. ನನ್ನ ಊರ್ಗೆ ಬುಟ್ಬುಡಿ."

ಊರಿನ ಮನೆಯಲ್ಲಿ ಬಚ್ಚಲು ಹಿತ್ತಲಲ್ಲಿದೆ, ಕಲ್ಲಿನ ಮೆಟ್ಟಿಲು ಇಳಿದು ಹೋಗಬೇಕು. ಈ ಸ್ಥಿತಿಯಲ್ಲಿ ಅಲ್ಲಿಗೆ ಹೋದರೆ ಹಾಸಿಗೆ ಹಿಡಿದಂತೆಯೇ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿಯೂ ಅಲ್ಲ ಆಕೆ. ಅಂದಿನಿಂದ ಆ ಮೀನುಗಳು ಬದುಕುವುದು ನನಗೆ ಎರಡು ಪಟ್ಟು ಮುಖ್ಯವಾಯಿತು.

ಯಾರಿಗೆ ಕೊಡುವುದು ಎಂದು ಕೇಳತೊಡಗಿದರೆ ಬಂದ ಉತ್ತರಗಳಿಗೆ ತಲೆ ಚಿಟ್ಟು ಹಿಡಿಯಿತು. ಎದುರು ಮನೆಯವರು ಕಾವೇರಿಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳಿ ಎಂದರು. ಸಮುದ್ರದ ಮೀನು ಹೊಳೆಯ ನೀರಿನಲ್ಲಿ ಸಾಯುತ್ತದೆ ಎಂದರೆ, "ನೀರು ನೀರೇ ಅಲ್ವಾ?" ಎಂದರು. ಧನಗೆರೆಯ ಸಂಬಂಧಿಕರಿಗೆ ಗಾಜಿನ ತೊಟ್ಟಿ ಮಾತ್ರ ಬೇಕಿತ್ತು. ಹನೂರಿನ ಹೋಟೆಲಿನವರು ಗಲ್ಲಾ ಪಕ್ಕ ಇಟ್ಟುಕೊಳ್ಳುತ್ತೇವೆ, ಬೋರ್‌ವೆಲ್ ನೀರಿಗೆ ಎರಡು ಹಿಡಿ ಅಡುಗೆ ಉಪ್ಪು ಹಾಕಿದರೆ ಸಾಕಲ್ಲ ಮೇಡಂ ಎಂದರು. ಸಾಲದು ಎಂದು ಫೋನ್ ಇಟ್ಟೆ. ಕೊನೆಗೆ ಸಿಕ್ಕಿದವರು ಯಳಂದೂರಿನಲ್ಲಿ ಫೋಟೋ ಸ್ಟುಡಿಯೋ ನಡೆಸುವ ಒಬ್ಬರು. ಅವರ ಮನೆಯಲ್ಲಿ ಆಗಲೇ ಒಂದು ಉಪ್ಪುನೀರಿನ ತೊಟ್ಟಿ ನಡೆಯುತ್ತಿತ್ತು. "ಹಳೇ ನೀರು ಎಷ್ಟಾಗುತ್ತೋ ಅಷ್ಟೂ ತನ್ನಿ" ಎಂದು ಅವರು ಮೊದಲೇ ಹೇಳಿದಾಗ ನನಗೆ ಸಮಾಧಾನವಾಯಿತು.

ಹೊರಡುವ ದಿನ ಮೀನುಗಳನ್ನು ಪಾಲಿಥಿನ್ ಚೀಲಕ್ಕೆ, ಹವಳದ ಕಲ್ಲುಗಳನ್ನು ಬಕೆಟ್ಟಿಗೆ, ನೀರನ್ನು ಕ್ಯಾನುಗಳಿಗೆ ತುಂಬುತ್ತಿದ್ದೆ. ಅತ್ತೆ ಮಂಚದ ಮೇಲಿಂದ ಕರೆದರು.

"ಒಂದ್ ಚೊಂಬು ಆ ನೀರ್ನ ಒಳಗೆ ಎತ್ತಿಡವ್ವ. ದನ ಕೊಟ್ರೂ ಅಗ್ಗ ಕೊಡಾಕಿಲ್ಲ ನಾವು."

ಹೊನ್ನೂರಿನಲ್ಲಿ ದನ ಕೊಳ್ಳಲು ಬಂದವರು ಹೊಸ ಹಗ್ಗ ತರಬೇಕು. ದನದ ಕೊರಳಲ್ಲಿದ್ದ ಹಳೇ ಹಗ್ಗ ಮನೆಯಲ್ಲೇ ಉಳಿಯುತ್ತದೆ; ಅದೂ ಹೋದರೆ ಮನೆಯ ಲಕ್ಷ್ಮಿ ಹೋದ ಹಾಗೆ. ಕೊಟ್ಟಿಗೆಯ ಗೂಟದಲ್ಲಿ ಅಂಥ ಹಗ್ಗಗಳದ್ದೇ ಒಂದು ಕಟ್ಟು ನೇತಾಡುತ್ತಿರುವುದನ್ನು ನಾನು ಮದುವೆಯಾದಾಗಿನಿಂದ ನೋಡಿದ್ದೇನೆ. ನನಗೆ ಗೊಡ್ಡು ಎನಿಸುತ್ತಿದ್ದ ವಿಷಯ. ಆದರೂ ಅವತ್ತು ವಾದ ಮಾಡಲು ಮನಸ್ಸು ಬರಲಿಲ್ಲ. "ಅತ್ತೆ, ಇವಕ್ಕೆ ಈ ನೀರೇ ಅಭ್ಯಾಸ. ಹೊಸ ಜಾಗದಲ್ಲಿ ಇದು ಎಷ್ಟು ಜೊತೆಗಿದ್ದರೆ ಅಷ್ಟು ಒಳ್ಳೇದು" ಎಂದೆ.

ಅವರು ಚೀಲದಲ್ಲಿದ್ದ ಮೀನುಗಳನ್ನೊಮ್ಮೆ ನೋಡಿದರು. "ಅಂಗಾರೆ ಅಗ್ಗದ್ ಸಮೇತ ಕೊಟ್ಬುಡು. ಜೀವ ಉಳೀಲಿ" ಎಂದರು. ಆಮೇಲೆ, "ನಾನೂ ಬತ್ತೀನಿ" ಎಂದರು.

ನಮ್ಮ ಯಜಮಾನರು ಬೇಡವೇ ಬೇಡ ಎಂದರು. "ಸುಮ್ಕಿರ್ಲಾ" ಎಂದು ಅತ್ತೆ ಗದರಿದರು. ಕಾರಿನ ಮುಂದಿನ ಸೀಟು ಹಿಂದಕ್ಕೆ ಬಾಗಿಸಿ, ದಿಂಬು ಕೊಟ್ಟು ಕೂರಿಸಿಕೊಂಡು, ಚೀಲ ಅಲುಗಾಡದಂತೆ ನಿಧಾನಕ್ಕೆ ಹೊರಟೆವು.

ಯಳಂದೂರಿನಲ್ಲಿ ಸ್ಟುಡಿಯೋದವರು ಮೀನುಗಳನ್ನು ನಮ್ಮ ನೀರಿನ ಜೊತೆಗೇ ಒಂದು ಬಕೆಟ್ಟಿಗೆ ಬಿಟ್ಟರು. ತಮ್ಮ ತೊಟ್ಟಿಯಿಂದ ಸಣ್ಣ ಪೈಪು ಇಳಿಬಿಟ್ಟು, ಅದಕ್ಕೊಂದು ಗಂಟು ಹಾಕಿ, ಹೊಸ ನೀರು ಹನಿಹನಿಯಾಗಿ ಬೀಳುವಂತೆ ಮಾಡಿದರು. ಅತ್ತೆ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದರು.

"ಇದ್ಯಾಕೆ ಇಷ್ಟ್ ನಿಧಾನ? ಎತ್ತಿ ಉಯ್ದ್‌ಬುಟ್ರೆ ಆಯ್ತಪ್ಪ."

"ಒಂದೇ ಸಲ ಬಿಟ್ಟರೆ ತಡ್ಕೊಳ್ಳಲ್ಲ ಅಜ್ಜಿ" ಎಂದರು ಅವರು. "ಹೊಸ ನೀರು ಮೈಗೆ ಒಗ್ಗಬೇಕು."

ಅತ್ತೆ ಹನಿ ಬೀಳುವುದನ್ನೇ ನೋಡುತ್ತ ಹೇಳಿದರು, "ನನ್ನ ಮಾತ್ರ ಒಂದೇ ದಿನಕ್ಕೆ ಆಸ್ಪತ್ರೆಯಿಂದ ತಕಂಡ್ ಬಂದು ಮಲಗಿಸ್ಬುಟ್ರು. ಊರ್ಗೆ ಓಗಿ ಒಂದ್ ಗಳಿಗೆ ಕೂತ್ಕಂಡ್ ಬತ್ತೀಯಾ ಅಂತ ಒಬ್ರೂ ಕೇಳ್ನಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಒಂದು ಮಾತು ಆಡಿಬಿಡುತ್ತಿದ್ದೆ. ಯಜಮಾನರು ಎದ್ದು ಹೊರಗೆ ಹೋದರು.

ಮೀನುಗಳನ್ನು ತೊಟ್ಟಿಗೆ ಬಿಟ್ಟು, ಹವಳದ ಕಲ್ಲುಗಳನ್ನು ಕೂರಿಸಿ ಹೊರಟಾಗ ಕಾರು ಕೊಳ್ಳೇಗಾಲದ ಕಡೆಗೆ ತಿರುಗಲಿಲ್ಲ. ಯಜಮಾನರು ಊರಿನ ದಾರಿ ಹಿಡಿದಿದ್ದರು. ಹೊನ್ನೂರಿನಲ್ಲಿ ಕೊಟ್ಟಿಗೆಯ ಬಾಗಿಲಿಗೇ ಕಾರು ನಿಲ್ಲಿಸಿ, ಕುರ್ಚಿ ತಂದು ಅತ್ತೆಯನ್ನು ಕೂರಿಸಿದೆವು. ಹಸು ಬಂದು ಅವರ ಕೈ ನೆಕ್ಕಿತು. ಬೀದಿಯವರೆಲ್ಲ ಬಂದು ಮಾತಾಡಿಸಿದರು. ಹೊರಡುವಾಗ ಅತ್ತೆ ಮೈದುನನ ಕೈಯಲ್ಲಿ ಗೂಟದಲ್ಲಿದ್ದ ಹಗ್ಗದ ಕಟ್ಟು ತರಿಸಿ, ಒಂದನ್ನು ಆರಿಸಿ ಮಡಿಲಲ್ಲಿಟ್ಟುಕೊಂಡರು. ಮನೆ ಬಿಟ್ಟು ಹೋಗಬಾರದ ಹಗ್ಗ ಅದು.

ಮನೆಗೆ ಬಂದ ಮೇಲೆ ಅತ್ತೆ ಆ ಹಗ್ಗವನ್ನು ಮಂಚದ ಕಾಲ ಕಡೆಯ ಪಟ್ಟಿಗೆ ಬಿಗಿಯಾಗಿ ಕಟ್ಟಿಸಿ, ತುದಿಯನ್ನು ಕೈಗೆ ಎಟುಕುವಂತೆ ಇಟ್ಟುಕೊಂಡರು. ಬರಿದಾದ ತೊಟ್ಟಿಯನ್ನು ಧನಗೆರೆಯವರು ಬಂದು ಒಯ್ದ ಮೇಲೆ ಅದಿದ್ದ ಜಾಗ ಖಾಲಿ ಬಿದ್ದಿತ್ತು, ವಾಕರ್ ಸಲೀಸಾಗಿ ಹೋಗುವಷ್ಟು.

ಯಳಂದೂರಿನಿಂದ ಒಳ್ಳೆಯ ಸುದ್ದಿ ತಕ್ಷಣ ಬರಲಿಲ್ಲ. ನೀಲಿ ಮೀನು ಪರವಾಗಿಲ್ಲ, ಆದರೆ ಜೋಡಿ ಮೀನು ಮೂಲೆಯಲ್ಲೇ ಇವೆ, ಏನೂ ತಿಂದಿಲ್ಲ, ಹವಳ ಮುದುಡಿದ್ದು ಹಾಗೇ ಇದೆ ಎಂದು ಮೆಸೇಜು. "ಅರಳ್ತಾ?" ಎಂದು ಅತ್ತೆ ದಿನಾ ಕೇಳುವರು. ಇಲ್ಲ ಎಂದರೆ ಗೋಡೆ ಕಡೆ ತಿರುಗುವರು. ಸುಳ್ಳು ಹೇಳಿಬಿಡೋಣ ಎನಿಸಿತು, ಹೇಳಲಿಲ್ಲ. ಅವರ ಸೀರೆಗಳನ್ನು ಯಾವ ಚೀಲಕ್ಕೆ ತುಂಬಿ ಊರಿಗೆ ಕಳಿಸಬೇಕಾಗುತ್ತದೋ ಎಂದು ನಾನು ಒಳಗೊಳಗೇ ಹೆದರಿದ್ದೆ.

ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ವಿಡಿಯೋ ಬಂತು. ಹವಳ ಪೂರ್ತಿ ಅರಳಿತ್ತು. ಅದರ ಮೇಲೆ ದಪ್ಪ ಹೆಣ್ಣು ಮೀನು ಹಾಕಿದ ಆಹಾರಕ್ಕೆ ನುಗ್ಗುತ್ತಿತ್ತು, ಗಂಡು ಹಿಂದೆ. ಫೋನ್ ಹಿಡಿದು ಹಾಲ್‌ಗೆ ಓಡಿದೆ. "ಅತ್ತೆ, ಅರಳಿದೆ" ಎಂದು ಅವರನ್ನು ಎಬ್ಬಿಸಲು ಬಗ್ಗಿದೆ.

ಅವರು ನನ್ನ ಕೈ ಪಕ್ಕಕ್ಕೆ ಸರಿಸಿದರು. ಹಗ್ಗದ ತುದಿ ಹಿಡಿದು, ಹಲ್ಲು ಕಚ್ಚಿ, ತಾವೇ ಎದ್ದು ಕೂತರು. ಕೂತು ಫೋನ್ ಇಸಿದುಕೊಂಡು ಎರಡು ಸಲ ನೋಡಿದರು.

"ದಪ್ಪದ್ದೇ ಮುಂದೆ ಅದೆ. ಸರಿ ಬುಡು, ಬದ್ಕತವೆ" ಎಂದು ಫೋನ್ ವಾಪಸು ಕೊಟ್ಟರು. "ಇಷ್ಟ್ ದಿನ ಕಾಫಿ ಅಂತ ಬರೀ ಕಲಗಚ್ಚು ಕುಡಿಸ್ದೆ ಕಣವ್ವ. ಓಗು, ಇವತ್ತಾದ್ರೂ ಸರ್ಯಾಗ್ ಕಾಸ್ಕಂಡ್ ಬಾ."