ನನಗೆ ಒಂಬತ್ತು, ಅಪ್ಪನಿಗೆ ಆರು

೨೦೧೩ರ ಜನವರಿ ಹದಿನಾಲ್ಕರಿಂದ ನಾನು ನನ್ನ ಹೊಟ್ಟೆಯ ಲೆಕ್ಕ ಇಡತೊಡಗಿದೆ. ಒಂದು ಉದ್ದ ಪುಸ್ತಕ, ಅದರಲ್ಲಿ ನಾಲ್ಕು ಕಾಲಮ್ಮು: ತಿಂದದ್ದು, ಹೊತ್ತು, ಎಷ್ಟು ಸಲ ಪಾಯಿಖಾನೆಗೆ ಓಡಿದ್ದು, ನೋವು ಐದರಲ್ಲಿ ಎಷ್ಟು. ಇಪ್ಪತ್ತಮೂರು ವರ್ಷದ ಬೇರೆಯವರು ಡೈರಿಯಲ್ಲಿ ಏನು ಬರೆಯುತ್ತಾರೋ ತಿಳಿಯದು. ನನ್ನದರಲ್ಲಿ ಪ್ರೇಮಕ್ಕೆ ಕಾಲಮ್ಮೇ ಇರಲಿಲ್ಲ.

ಡೊಂಬಿವಲಿ ಪೂರ್ವದಲ್ಲಿ ಅಪ್ಪನ ಸಸ್ಯಾಹಾರಿ ಹೋಟೆಲ್. ಉಡುಪಿ ಕಡೆಯಿಂದ ಬಂದು ಇಪ್ಪತ್ತೆಂಟು ವರ್ಷ ಊರಿನವರ ಹೊಟ್ಟೆ ತಣಿಸಿದವರಿಗೆ ದೇವರು ಕೊಟ್ಟ ಬಹುಮಾನ ನಾನು: ಇಡ್ಲಿ ತಿಂದರೂ ಓಡುವ ಮಗ.

ಆ ವರ್ಷ ಅಪ್ಪ ಕೋಪರಖೈರಣೆಯಲ್ಲಿ, ನಡೆಯುತ್ತಿದ್ದ ಒಂದು ಹೋಟೆಲಿನಲ್ಲಿ ಪಾಲು ತೆಗೆದುಕೊಂಡಿದ್ದರು. ಜೂನ್ ಒಂದರಿಂದ ಅದರ ಗಲ್ಲಾದ ಮೇಲೆ ನಾನು ಕೂರಬೇಕು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಕೋಪರಖೈರಣೆ. ಬಾಗಿಲಿಂದ ಬಾಗಿಲಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ನನ್ನ ಪುಸ್ತಕದ ಪ್ರಕಾರ ಬೆಳಗಿನ ಹೊತ್ತು ನಾನು ಪಾಯಿಖಾನೆಯಿಂದ ದೂರ ಇರಬಲ್ಲ ಗರಿಷ್ಠ ಅವಧಿ ನಲವತ್ತು ನಿಮಿಷ. ಗಣಿತ ಸರಳವಾಗಿತ್ತು. ಅಪ್ಪ ಗಣಿತವನ್ನು ನಂಬುವವರೇ, ಅದನ್ನು ಬರೆದವನನ್ನು ಮಾತ್ರ ನಂಬುತ್ತಿರಲಿಲ್ಲ.

"ಕ್ರಿಕೆಟ್ ಮ್ಯಾಚ್ ಇದ್ದ ದಿನ ನಿನ್ನ ಹೊಟ್ಟೆ ಬಂಡೆಗಲ್ಲು. ನಾನು ಕೆಲಸ ಹೇಳಿದ ಕೂಡಲೇ ಮಳೆಗಾಲ" ಎನ್ನುತ್ತಿದ್ದರು. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ, ಬೈಗುಳ ಸ್ವಲ್ಪ ತೆಳುವಾಗಿದೆ.

ಕೋಪರಖೈರಣೆಗೆ ಹೋಗಲು ನನಗೆ ಮನಸ್ಸೂ ಇರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೊಟ್ಟೆ ಸುಳ್ಳಾಗಿರಲಿಲ್ಲ. ಔಷಧಿ ಸಿಗದಿದ್ದರೂ ಚಿಂತೆಯಿಲ್ಲ, ಅಪ್ಪ ಒಮ್ಮೆ "ಹೌದು, ಇವನಿಗೆ ಉಂಟು" ಅನ್ನಬೇಕಿತ್ತು.

ಫೆಬ್ರವರಿ ಒಂಬತ್ತಕ್ಕೆ ಕಲ್ಯಾಣದ ಒಬ್ಬ ಮರಾಠಿ ಡಾಕ್ಟರು ರಕ್ತಪರೀಕ್ಷೆ ಬರೆದುಕೊಟ್ಟರು. ರಕ್ತಕಣ, ಉರಿಯೂತ, ಥೈರಾಯ್ಡ್, ಯಕೃತ್ತು, ಗೋಧಿ ಒಗ್ಗದಿರುವುದು, ಇನ್ನೂ ಏನೇನೋ. ಒಟ್ಟು ಹನ್ನೊಂದು ಹೆಸರು. ಮೂರು ದಿನದ ಮೇಲೆ ವರದಿ ಬಂತು. ಹನ್ನೊಂದೂ ನಾರ್ಮಲ್. ಹತ್ತನೇ ಕ್ಲಾಸಿನಲ್ಲೂ ನಾನು ಇಷ್ಟು ಚೆನ್ನಾಗಿ ಪಾಸಾಗಿರಲಿಲ್ಲ.

"ಇದು ಐಬಿಎಸ್. ಕರುಳು ಸಿಟ್ಟಿನದು, ಅಷ್ಟೆ. ಇದರಲ್ಲಿ ರಕ್ತ ಏನೂ ಹೇಳುವುದಿಲ್ಲ. ಬೇರೆ ಕಾಯಿಲೆ ಇಲ್ಲ ಅಂತ ನೋಡಲಿಕ್ಕೆ ಟೆಸ್ಟು" ಎಂದು ಡಾಕ್ಟರು ಹಿಂದಿಯಲ್ಲಿ ವಿವರಿಸಿದರು. ನಾನು ಅದನ್ನು ಅಕ್ಷರಶಃ ಬರೆದುಕೊಂಡು ಬಂದು ಅಪ್ಪನಿಗೆ ಓದಿ ಹೇಳಿದೆ.

ಅಪ್ಪ ಕನ್ನಡಕ ತೆಗೆದರು. "ಹನ್ನೊಂದು ಕೋಣೆ ಹುಡುಕಿ ಕಳ್ಳ ಸಿಗದಿದ್ದರೆ, ಕಳ್ಳ ಇದ್ದಾನೆ ಅಂತ ಅರ್ಥವಾ ಮಾರಾಯ?"

ಆಗ ಅಮ್ಮ ವರದಿಯ ಕೊನೆಯ ಹಾಳೆ ತಿರುಗಿಸಿದರು. ಡಾಕ್ಟರು ಇರಲಿ ಎಂದು ಸೇರಿಸಿದ್ದ ಹನ್ನೆರಡನೆಯದು ಅಲ್ಲಿತ್ತು: ವಿಟಮಿನ್ ಡಿ, ಒಂಬತ್ತು. ದಪ್ಪ ಅಕ್ಷರ, ಪಕ್ಕದಲ್ಲಿ ಕೆಳಮುಖದ ಬಾಣ, ಇಪ್ಪತ್ತಕ್ಕಿಂತ ಕಡಿಮೆಯಾದರೆ ಕೊರತೆ ಎಂಬ ಟಿಪ್ಪಣಿ.

"ಅಯ್ಯೋ, ಒಂಬತ್ತು!" ಎಂದರು ಅಮ್ಮ. ಎಷ್ಟಕ್ಕೆ ಒಂಬತ್ತು ಎಂದು ಅವರಿಗೆ ಗೊತ್ತಿರಲಿಲ್ಲ, ಆದರೂ ಕಣ್ಣಲ್ಲಿ ನೀರು ಬಂತು. ನಾನಂತೂ ಹಿಗ್ಗಿ ಹೀರೇಕಾಯಿಯಾದೆ. ಕೊನೆಗೂ ಅಚ್ಚಾದ ಒಂದು ಕಾಯಿಲೆ! ಮತ್ತೆ ಕೇಳಿದಾಗ ಡಾಕ್ಟರು, "ಈ ಕಡೆ ಯಾರದು ತೆಗೆದರೂ ಕಡಿಮೆಯೇ ಬರುತ್ತದೆ. ಹೊಟ್ಟೆಗೂ ಇದಕ್ಕೂ ಸಂಬಂಧ ಇರಬಹುದು, ಇಲ್ಲದೆಯೂ ಇರಬಹುದು" ಎಂದರು. ಮನೆಗೆ ಬರುವಷ್ಟರಲ್ಲಿ ವಾಕ್ಯದ ಉತ್ತರಾರ್ಧ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಅಪ್ಪ ನಾಲ್ಕು ದಿನ ಮಳೆಗಾಲದ ಮಾತೆತ್ತಲಿಲ್ಲ. ನನ್ನ ಜೀವನದ ಅತ್ಯಂತ ಗೌರವಾನ್ವಿತ ನಾಲ್ಕು ದಿನಗಳು ಅವು.

ಚಿಕಿತ್ಸೆ ಶುರುವಾಯಿತು. ವಾರಕ್ಕೊಂದು ಪೊಟ್ಟಣ ಪುಡಿ, ಹಾಲಿನಲ್ಲಿ ಕದಡಿ ಕುಡಿಯಬೇಕೆಂದ ಔಷಧಿ ಅಂಗಡಿಯವನು. ನನ್ನ ಪುಸ್ತಕದಲ್ಲಿ ಹಾಲು ಆರೋಪಿ ನಂಬರ್ ಒಂದು. ಹೀಗಾಗಿ ಪ್ರತಿ ಭಾನುವಾರ ನನ್ನ ಹೊಟ್ಟೆಯನ್ನು ಸರಿಪಡಿಸಲು ನನ್ನ ಹೊಟ್ಟೆಯನ್ನು ಕೆಡಿಸುತ್ತಿದ್ದೆ. ಜೊತೆಗೆ ದಿನಾ ಅರ್ಧ ಗಂಟೆ ಬಿಸಿಲು. ಕಟ್ಟಡದ ತಾರಸಿಯಲ್ಲಿ ಎರಡನೇ ಮಾಳಿಗೆಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕು, ಒಣಹಾಕಿದ ಹಪ್ಪಳಗಳ ಪಕ್ಕದಲ್ಲಿ ನಾನೂ ಒಣಗುತ್ತಿದ್ದೆ.

"ಬಸ್ಲಾಯಸ್ಚ್ ತರ್ ಕಾವಳೆ ಪಣ ಹಾಕಲ್" ಎಂದರು ಕಾಕು. ಕೂತಿದ್ದೀಯಲ್ಲ, ಕಾಗೆಯನ್ನೂ ಓಡಿಸು ಅಂತ. ಓಡಿಸಿದೆ. ಫೆಬ್ರವರಿಯಲ್ಲಿ ಒಟ್ಟು ಹದಿನೆಂಟು ಕಾಗೆ.

ಮಾರ್ಚ್ ಮೂರರ ಭಾನುವಾರ ನಮ್ಮವರ ಸಂಘದ ಸಭಾಗೃಹದಲ್ಲಿ ಆರೋಗ್ಯ ಶಿಬಿರವಿತ್ತು. ಅಪ್ಪ ತಮ್ಮ ಸಕ್ಕರೆ ನೋಡಿಸಲು ಹೋದವರು, "ಆ ಡಿ ಉಂಟಲ್ಲ, ಅದನ್ನೂ ತೆಗೀರಿ" ಎಂದು ರಕ್ತ ಕೊಟ್ಟು ಬಂದರು. ಬುಧವಾರ ವರದಿ ಹಿಡಿದುಕೊಂಡು ಮನೆಗೆ ಬಂದಾಗ ಅವರ ಮುಖದಲ್ಲಿ ಲಾಟರಿ ಹೊಡೆದವರ ಕಳೆ.

"ನಿನಗೆ ಎಷ್ಟು?"

"ಒಂಬತ್ತು."

"ನನಗೆ ಆರು!"

ಅಷ್ಟು ಹೇಳಿ, ಹೋಟೆಲಿನಿಂದ ಕಟ್ಟಿಸಿಕೊಂಡು ಬಂದಿದ್ದ ಗೋಳಿಬಜೆಯ ಪೊಟ್ಟಣ ಬಿಚ್ಚಿ ನನ್ನೆದುರೇ ತಿನ್ನತೊಡಗಿದರು. ಹದಿಮೂರು ತಿಂದರು, ಎಣಿಸದೆ ಇರಲು ನನ್ನಿಂದಾಗಲಿಲ್ಲ. ಇಪ್ಪತ್ತೆಂಟು ವರ್ಷ ಸೂರ್ಯ ಹುಟ್ಟುವ ಮುಂಚೆ ಅಡುಗೆಮನೆ ಹೊಕ್ಕು, ಮುಳುಗಿದ ಮೇಲೆ ಹೊರಬಂದವರ ರಕ್ತದಲ್ಲಿ ಆರಾದರೂ ಇದ್ದದ್ದು ದೊಡ್ಡದು. ಆದರೆ ಅವರ ಹೊಟ್ಟೆ ಬಂಡೆ.

"ಈಗ ಹೇಳು. ನನಗೆ ನಿನಗಿಂತ ಮೂರು ಕಡಿಮೆ. ನಾನು ಎಷ್ಟು ಸಲ ಓಡಬೇಕಿತ್ತು?"

ನನ್ನ ಏಕೈಕ ಸಾಕ್ಷಿ ಎದುರು ಪಕ್ಷದ ಪರ ಸಾಕ್ಷಿ ನುಡಿದಿತ್ತು. ಅಮ್ಮ ಮಾತ್ರ ಅಂದಿನಿಂದ ಇಬ್ಬರಿಗೂ ಹಾಲು ಕಾಸತೊಡಗಿದರು.

ಎಂಟು ವಾರ ಮುಗಿದ ಮೇಲೆ, ಏಪ್ರಿಲ್ ಹದಿಮೂರಕ್ಕೆ, ಮತ್ತೆ ರಕ್ತ ಕೊಟ್ಟೆ. ಮೂವತ್ತೊಂದು. ಬಾಣ ಮಾಯ. ಆ ರಾತ್ರಿ ಪುಸ್ತಕ ತೆರೆದು ಕೂಡಿಸಿದೆ: ಚಿಕಿತ್ಸೆಗೆ ಮೊದಲಿನ ನಾಲ್ಕು ವಾರದಲ್ಲಿ ಓಡಿದ್ದು ಅರವತ್ತಮೂರು ಸಲ, ಕೊನೆಯ ನಾಲ್ಕು ವಾರದಲ್ಲಿ ಅರವತ್ತೊಂದು. ಎರಡು ಸಲದ ಈ ಮಹಾ ಪ್ರಗತಿಯನ್ನು ವಿಟಮಿನ್ನಿಗೆ ಅರ್ಪಿಸೋಣವೆಂದರೆ, ನಡುವೆ ಒಂದು ದಿನ ನಾನು ಏಕಾದಶಿ ಮಾಡಿದ್ದೆ. ಈಗ ಹನ್ನೆರಡಕ್ಕೆ ಹನ್ನೆರಡೂ ನಾರ್ಮಲ್. ಸಂಪೂರ್ಣ ಆರೋಗ್ಯವಂತನಾಗಿ ನಾನು ಪಾಯಿಖಾನೆಯಲ್ಲಿ ಕೂತಿದ್ದೆ.

ಮೇ ಹತ್ತೊಂಬತ್ತರ ಭಾನುವಾರ ಕೋಪರಖೈರಣೆಯ ಜಾಗ ತೋರಿಸಲು ಅಪ್ಪ ನನ್ನನ್ನು ಹೊರಡಿಸಿದರು. ಏನೂ ತಿನ್ನದೆ ಹೊರಟವನಿಗೆ, "ಖಾಲಿ ಹೊಟ್ಟೆಯಲ್ಲಿ ಹೊಸ ಜಾಗಕ್ಕೆ ಕಾಲಿಡಬಾರದು" ಎಂದು ಎರಡು ಇಡ್ಲಿ ತಿನ್ನಿಸಿದರು. ಠಾಣೆಯವರೆಗೆ ಸರಿಯಿತ್ತು. ಗಾಡಿ ಬದಲಿಸಿ ಕೂತೆವು. ಠಾಣೆ ಬಿಟ್ಟರೆ ಐರೋಲಿಯವರೆಗೆ ನಿಲ್ದಾಣವಿಲ್ಲ. ಗಾಡಿ ಹೊರಟ ಎರಡನೇ ನಿಮಿಷಕ್ಕೆ ಬೆನ್ನಿನಲ್ಲಿ ತಣ್ಣನೆ ಬೆವರು.

"ಅಪ್ಪಾ, ಐರೋಲಿಯಲ್ಲಿ ಇಳೀಬೇಕು."

"ನಮ್ಮದು ಕೋಪರಖೈರಣೆ."

"ಅಪ್ಪಾ, ಇಳೀಬೇಕು."

"ಎಂಥ ನಾಟಕ ಇದು, ಇಲ್ಲಿಯೂ?"

ಎದುರು ಸೀಟಿನಲ್ಲಿ ತರಕಾರಿ ಚೀಲ ಇಟ್ಟುಕೊಂಡಿದ್ದವನು ಬಾಯಿ ಹಾಕಿದ. "ಅರೆ ಕಾಕಾ, ಉತರನೇ ದೋ ಲಡ್ಕೇ ಕೋ. ಚೆಹರಾ ತೋ ದೇಖೋ ಉಸ್ಕಾ." ಹುಡುಗ ಇಳಿಯಲಿ ಬಿಡಿ, ಅವನ ಮುಖವನ್ನಾದರೂ ನೋಡಿ ಅಂತ.

ಅಪ್ಪ ನೋಡಿದರು. ಹನ್ನೆರಡು ಪರೀಕ್ಷೆಯ ಕಾಗದಗಳನ್ನು ಬಿಟ್ಟು ಅವರು ನನ್ನ ಮುಖ ನೋಡಿದ್ದು ಅದೇ ಮೊದಲು ಎನಿಸುತ್ತದೆ.

ಐರೋಲಿಯಲ್ಲಿ ಇಳಿದು ಕಣ್ಣಿಗೆ ಬಿದ್ದ ಮೊದಲ ಹೋಟೆಲಿಗೆ ನುಗ್ಗಿದೆವು. ಗಲ್ಲಾದಲ್ಲಿದ್ದವರು ತಲೆ ಎತ್ತದೆ ಗೋಡೆಯ ಬೋರ್ಡು ತೋರಿಸಿದರು: ಶೌಚಾಲಯ ಗಿರಾಕಿಗಳಿಗೆ ಮಾತ್ರ. ಅಂಥದೇ ಬೋರ್ಡನ್ನು ನಮ್ಮ ಹೋಟೆಲಿನಲ್ಲಿ ಅಪ್ಪನೇ ಎದುರು ನಿಂತು ಬರೆಸಿದ್ದರು. ಗಲ್ಲಾದವರ ಹಣೆಯ ನಾಮ ಕಂಡು ಅಪ್ಪ ಕನ್ನಡಕ್ಕೆ ತಿರುಗಿದರು.

"ನಾವು ಊರಿನವರೇ ಮಾರಾಯ್ರೆ."

"ಊರಿನವರಾದ್ರೆ ರೂಲು ಗೊತ್ತಿರ್ತದಲ್ಲ."

"ಎರಡು ಮಸಾಲೆ ದೋಸೆ!" ಅಪ್ಪ ಅಡುಗೆಮನೆಗೇ ಕೇಳುವಂತೆ ಕೂಗಿದರು. "ಈಗ ನಾವು ಗಿರಾಕಿ ಆದೆವಾ?"

"ಕೈತೊಳೆಯುವಲ್ಲಿಂದ ಬಲಕ್ಕೆ."

ನಾನು ಹೊರಬಂದಾಗ ಅಪ್ಪ ಎರಡನೇ ದೋಸೆಯನ್ನು ಮುಗಿಸುವುದರಲ್ಲಿದ್ದರು.

"ಹದಿನೇಳು ನಿಮಿಷ," ಎಂದರು, ಗೋಡೆಯ ಗಡಿಯಾರ ನೋಡುತ್ತಾ. "ದಿನಾ ಹೀಗೆಯಾ?"

"ವಾರದಲ್ಲಿ ನಾಲ್ಕೈದು ದಿನ. ಪುಸ್ತಕದಲ್ಲಿ ಉಂಟು."

"ಪುಸ್ತಕ ಇರಲಿ." ನೀರು ಕುಡಿದರು. ನನ್ನ ಕಡೆಗೂ ಲೋಟ ಸರಿಸಿದರು. "ಚಟ್ನಿಗೆ ಭಾರಿ ನೀರು ಹಾಕಿದ್ದಾರೆ ಇವರು."

ಕೋಪರಖೈರಣೆಯಲ್ಲಿ ಪಾಲುದಾರರು ನಮ್ಮನ್ನು ಹೊಸ ಗ್ರೈಂಡರಿನ ಕಡೆಗೆ ಕರೆದೊಯ್ಯಹೊರಟರು. ಅಪ್ಪ ಕದಲಲಿಲ್ಲ. "ಪಾಯಿಖಾನೆ ಎಲ್ಲಿ?"

"ಹಿಂದಿನ ಬಿಲ್ಡಿಂಗಿನಲ್ಲಿ. ಕೀಲಿ ವಾಚ್‌ಮನ್ ಹತ್ರ. ಎಂಥಕ್ಕೆ ಈಗ ಅದು?"

ಹೋಟೆಲಿನವನು ತಿನ್ನುವವರ ಎದುರು 'ಹೊಟ್ಟೆ', 'ಕಾಯಿಲೆ' ಎಂಬ ಎರಡು ಪದಗಳನ್ನು ಒಂದೇ ವಾಕ್ಯದಲ್ಲಿ ಆಡುವುದಿಲ್ಲ. ಅದು ನಮ್ಮ ಕಸುಬಿನ ಒಂದನೇ ಪಾಠ. ಅಪ್ಪ ಮೂರು ಟೇಬಲ್ಲು ತುಂಬಿದ್ದ ಹೋಟೆಲಿನ ನಡುವೆ ನಿಂತು ಹೇಳಿದರು: "ನನ್ನ ಮಗನಿಗೆ ಹೊಟ್ಟೆಯ ಕಾಯಿಲೆ ಉಂಟು. ರಿಪೋರ್ಟಿನಲ್ಲಿ ಕಾಣುವುದಿಲ್ಲ. ಆದರೆ ಉಂಟು."

ಕನ್ನಡ ಬಲ್ಲ ಒಬ್ಬ ಗಿರಾಕಿ ಸಾಂಬಾರಿನ ಬಟ್ಟಲನ್ನು ಮೆಲ್ಲಗೆ ದೂರ ತಳ್ಳಿದ.

"ಮೆಲ್ಲಗೆ ಮಾರಾಯ್ರೆ, ಜನ ತಿಂತಿದ್ದಾರೆ!"

"ತಿನ್ನಲಿ. ಅವರಿಗೆ ಎಂಥ ಆಗಿದೆ?"

ಹತ್ತು ದಿನದಲ್ಲಿ ಅಡುಗೆಮನೆಯ ಆಚೆ ಒಂದು ಪಾಯಿಖಾನೆ ಎದ್ದಿತು. ಗಾಡಿಯ ತೊಂದರೆಯೇ ಬೇಡವೆಂದು ಹೋಟೆಲಿನ ಮೇಲಿನ ಕೋಣೆಯನ್ನೂ ಅಪ್ಪ ನನಗೆ ಗೊತ್ತುಮಾಡಿದರು. ಜೂನ್ ಒಂದರ ಬೆಳಿಗ್ಗೆ ಆರಕ್ಕೆ ನಾನು ಗಲ್ಲಾದ ಮೇಲೆ ಕೂತಿದ್ದೆ. ಐದು ತಿಂಗಳು ನಂಬಿ, ನಂಬಿ ಎಂದು ಬೇಡಿದ್ದೆ. ಅಪ್ಪ ನಂಬಿಬಿಟ್ಟರು, ಕೋಪರಖೈರಣೆಗೆ ಬರುವುದಿಲ್ಲ ಎನ್ನಲು ನನಗೆ ಒಂದು ಕಾರಣವೂ ಉಳಿಯಲಿಲ್ಲ.